ಕಾಲುಂಗುರ

ಏಪ್ರಿಲ್, ನಡುರಾತ್ರಿ. ಕುದ್ರೋಳಿಯ ಸೆಕೆಯಲ್ಲಿ
ಫ್ಯಾನು ಬರೀ ಸದ್ದು ಬೀಸುತ್ತಿದೆ.
ಮೊಬೈಲಿನೊಳಗೆ ಯಾವುದೋ ಚಳಿದೇಶದ ಗೂಡು:
ಮೀನುಡೇಗೆಯ ಬೆನ್ನ ಮೇಲೆ ಹಿಮ,
ಹೊಟ್ಟೆಯಡಿ ಮೂರು ಮೊಟ್ಟೆ,
ಕಾಲಲ್ಲೊಂದು ನೀಲಿ ಉಂಗುರ.
ಅವಳು ಕದಲುವುದಿಲ್ಲ. ನಾನೂ.

ನವೆಂಬರಿಗೆ ಆ ಗೂಡಿನಲ್ಲಿ
ಬರಿಯ ಗಾಳಿಯ ನೇರಪ್ರಸಾರ.

ಬೆಂಗ್ರೆಯ ದೋಣಿ ಹತ್ತಿದರೆ
ಅಳಿವೆಯ ಮುರುಕು ಕಂಬದ ಮೇಲೆ
ಅದೇ ಕಪ್ಪು ಕಣ್ಪಟ್ಟಿ!
ಕೆಜಿಗೆ ಎಂಟುನೂರರ ಕಾಣೆಯನ್ನು
ಮಸಾಲೆಯಿಲ್ಲದೆ ಹರಿದು ತಿನ್ನುತ್ತಿದೆ.
ದುರ್ಬೀನನ್ನು ಕಾಲಿಗಿಳಿಸಿದೆ.
ಉಂಗುರವಿಲ್ಲ. ಕೆಸರು,
ಬೆರಳಿಗಂಟಿದ ಒಂದು ಹುರುಪೆ, ಹೊಳೆಯುತ್ತ.

"ಗುರ್ತದವರಾ ಅಕ್ಕ?" ಎಂದ ಚುಕ್ಕಾಣಿಯ ಹಮ್ಮಬ್ಬ.
ಇಲ್ಲವೆನ್ನಲು ಬಾಯಿ ಬರಲಿಲ್ಲ.
ದಡ ಬಂತು, ಎಲ್ಲರೂ ಇಳಿದರು.
ನಾನು ವಾಪಸು ಟಿಕೇಟಿಗೆ
ಚಿಲ್ಲರೆ ಎಣಿಸತೊಡಗಿದೆ.