ನಿಲುವಂಗಿಯ ಬಣ್ಣ

ಟ್ರಿಯೆಸ್ಟೆಯಲ್ಲಿ ಬೋರಾ ಗಾಳಿ ಎದ್ದ ದಿನ
ಓಂಡೀನಾ ಕಿಟಕಿ ಸಂದಿಗೆ ಹಳೆ ಚಾದರ ತುರುಕಿ
ಮೋಕಾ ಪಾತ್ರೆಯ ಕತ್ತು ತಿರುಚಿ ಉರಿಗಿಡುತ್ತಾಳೆ.
ಗೊರಗೊರ. ಮುದಿ ಬೆಕ್ಕಿನ ಹಾಗೆ ಗೊಣಗುತ್ತ
ಮೇಲೇರುತ್ತದೆ ಕರಿ ಡಿಕಾಕ್ಷನ್ನು.

ಹಾಲು ಕುದಿಯಕೂಡದು, ಬೆರಳು ತಾಳುವಷ್ಟೇ ಬಿಸಿ.
ಜಾಡಿಯಲ್ಲಿ ಕುಲುಕಿ ನೊರೆಯೆಬ್ಬಿಸಿ
ಹನಿಸುತ್ತಾಳೆ. ಅಳತೆ ಚಮಚದ್ದಲ್ಲ:
ಕಪುಚಿನ್ ಮಠ ಸೇರಿದ ತಮ್ಮನ
ನಿಲುವಂಗಿ ಬಣ್ಣ ಬಂತೋ, ಸಾಕು.

ಹೆಸರೂ ಅಲ್ಲಿಯದೇ ತಾನೆ;
ವಿಯೆನ್ನಾದಲ್ಲಿ ಯಾರೋ ಲೋಟ ನೋಡಿ
‘ಸನ್ಯಾಸಿ’ ಎಂದು ನಕ್ಕರಂತೆ.

ಈಸ್ಟರಿಗೆ ಬಂದಿದ್ದ ತಮ್ಮ.
ಮೊಣಕೈ ಸವೆದು, ಒಗೆದೊಗೆದು
ಬಿಳಿಚಿತ್ತು ಬಟ್ಟೆ.
‘ಹೊಸದು ಕೊಡುವುದಿಲ್ಲವೇನೋ?’
‘ಇದೇ ಸಾಕಕ್ಕಾ, ನನಗಿಂತ ಗಟ್ಟಿ.’

ಅಂದಿನಿಂದ ಅವಳ ಲೋಟಕ್ಕೆ
ಎರಡು ಹನಿ ಹಾಲು ಹೆಚ್ಚು.