ಅಂಚಿನೊಳಗಿನ ಸೀಸ

ಸಪ್ತಾಪುರ ಬಾವಿ ಹತ್ರ ನನ್ನ ಅಂಗಡಿ, ಒಂದಽ ಬಾಗಲಾ.
ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗೂರ ಪ್ಯಾಂಟು,
ಹಾಸ್ಟೆಲ್ ಹುಡಿಗ್ಯಾರ ಜಂಪರು,
ಕೆಳಗ ಬಿಚ್ಚೂದು, ಮ್ಯಾಲೆ ಹಿಡಿಯೂದು,
ಇಪ್ಪತ್ತೆಂಟು ವರ್ಷ ಇದಽ ದಂಧೆ.

ಮುಳಗುಂದ ಮೇಡಂ ಬಂದದ್ದು ಶ್ರಾವಣದಾಗ,
ಯೂನಿವರ್ಸಿಟಿ ಗುಡ್ಡ ಇಳಕೊಂಡು, ತೊಯ್ಸಿಕೊಂಡು.
“ಬಗಾಡೆಯವರ, ಒಂದು ಬಟ್ಟಿ ಹೊಲದು ಕೊಡ್ರಿ,
ಯಾರೂ ಉಡೂದಲ್ಲ.
ನಡುವಿನಿಂದ ದೂರ ಹೋದಂಗ
ಅಗಲ ಹೆಚ್ಚಿಗೋತ ಹೋಗಬೇಕು,
ಗೇಣಿಗೆ ಎರಡು ಗೇಣು, ಎರಡಕ್ಕ ಐದು.
ಎಲ್ಲೂ ಸಪಾಟ ಕೂಡಬಾರದು.”

ಝಾಲರು ಅಂದೆ. ಕೂಸಿನ ಕುಂಚಿಗಿಗೆ ಹಚ್ಚತೀವಲ್ರಿ.
ನಕ್ಕರು. “ಹೂಂ, ಬರೇ ಝಾಲರಽ. ನಡುವ ಕೂಸಿಲ್ಲದ್ದು.”

ಯಾತಕ್ಕ ಅಂತ ಕೇಳಿದ್ದಽ ತಪ್ಪಾತು.
ಸ್ಟೂಲಿನ ಮ್ಯಾಲೆ ಕುಂತು ನನ್ನ ಅಳತಿ ವಹಿ ತಗದರು.
“ಎದಿ ಒಂದು ಮನಿ, ಸೊಂಟ ಒಂದು ಮನಿ,
ಮಂದಿ ಎಲ್ಲಾ ಇದರಾಗ ಒಂದೊಂದು ಚುಕ್ಕಿ.
ಈ ಊರಾಗ ರಸ್ತೆ ಇಲ್ಲ, ಗಿಡಾ ಇಲ್ಲ,
ಬರೇ ಅಳತಿ.
ಜಗತ್ತಿನ ಮೊದಲನೇ ಗಳಿಗ್ಯಾಗ
ಆಕಾಶ ಉಬ್ಬಿಸಿದ್ದೂ ಹಿಂತಾದ್ದಽ ಒಂದು ಚುಕ್ಕಿ,
ತಗ್ಗಿನ ಕಡೆ ನಿಧಾನ ಜಾರಿಕೋತ.
ಅದರ ಊರು ಸಪಾಟಽ ಇತ್ತಂತ ಯಾರು ಹೇಳ್ಯಾರ?”

ನಾ ಅಂದೆ: ಕೊರಳಿನ ಇಂಚು, ಸೊಂಟದ ಇಂಚು ಒಂದಽ ಅಲ್ರಿ.
ದಪ್ಪ ಮೈಯಾಗ ಅರ್ಧಾ ಇಂಚು ಯಾರಿಗೂ ತಿಳಿಯೂದಿಲ್ಲ,
ಸಣ್ಣ ಮೈಯಾಗ ಉಸಿರು ಕಟ್ಟತೈತಿ.
ಪೆನ್ನು ತಗದು ಬರಕೊಂಡರು.
ನನ್ನ ಮಾತು ಬರಕೊಂಡವರು ಅವರಽ ಮೊದಲು.

ಇನ್ನೊಂದು ಐತಂತ, ಭಾರದ್ದು,
ತಗ್ಗಿನ ತಳದಾಗ ಅಲುಗಾಡದಂಗ ಕುಂತದ್ದು.
ಚುಕ್ಕಿ ನೆಟ್ಟಗ ಜಾರೂತನಾ ಅದು ಐತೋ ಇಲ್ಲೋ,
ಲೆಕ್ಕ ಬರಿಯೋರು ಬಿಟ್ಟಽ ಬಿಡತಾರಂತ.
“ಆದ್ರ ದಾರಿ ಹೊಳ್ಳಿತು ಅನ್ರಿ…”
ಮೇಡಂ ಕೈ ಗಾಳ್ಯಾಗ ಹೊಳ್ಳಿತು,
ಕೈಯಾಗಿನ ಚಾ ಚೆಲ್ಲಿತು
ಯಾರದೋ ಖಾಕಿ ಪ್ಯಾಂಟಿನ ಮ್ಯಾಲೆ.

ಕಲೆ ತಿಕ್ಕೋತ ನನಗ ಪಡದೆ ನೆನಪಾತು.
ಟ್ರಯಲ್ ನೋಡೋ ಮೂಲ್ಯಾಗಿನ ಹಸಿರು ಪಡದೆ.
ಗಾಳಿಗೆ ಹಾರಬಾರದಂತ ಅಂಚಿನೊಳಗ
ಸೀಸದ ಗುಂಡು ಹೊಲದಿದ್ದೆ,
ಕೆಲಗೇರಿ ಕೆರಿಯಾಗ ಬಲಿ ಬೀಸವ ಒಬ್ಬಾಂವ ಕೊಟ್ಟಿದ್ದ.
ನೆಟ್ಟಗ ಸರಿಸಿದ್ರ ಸುಮ್ನ ಬರತೈತಿ.
ಅವಸರದಾಗ ತಿರುವಿದ್ರ ಗುಂಡು ಹೊರಗ ಹಾರಿ
ಗ್ವಾಡಿಗೆ ಬಡದು, ಒಳಗ, ಮತ್ತ ಹೊರಗ.

ತಿರುವಿ ತೋರಿಸಿದೆ.
ಸುಣ್ಣದ ಗ್ವಾಡಿ ಮ್ಯಾಲೆ, ಮೊಣಕಾಲಿನ ಕೆಳಗ
ಬಾಗಿದ ಗೀರು, ಒಂದರ ಹಿಂದ ಒಂದು,
ಸಣ್ಣ ಆಕ್ಕೋತ, ಸಣ್ಣ ಆಕ್ಕೋತ.
ಗುಂಡು ಯಾವ ಗಿರಾಕಿಗೂ ಕಂಡಿಲ್ಲ.
ಹೊಲದದ್ದು ನನಗಽ ಮರತಿತ್ತು.

ಮೇಡಂ ನೆಲದ ಮ್ಯಾಲಽ ಕುಂತರು.
ಗೀರಿನಿಂದ ಗೀರಿಗೆ ಬೆರಳಿಟ್ಟು ಅಳದರು.
“ಇದನ್ನಽ ಆಕಾಶದಾಗ ಹುಡುಕಾಕತ್ತೀವಿ.
ಹದಿನೇಳು ವರ್ಷ ಆತು.”
ಸಿಕ್ಕೈತೇನ್ರಿ?
“ಇಲ್ಲ.”
ಎದ್ದು, ಸೀರಿಗೆ ಹತ್ತಿದ ಸುಣ್ಣ ಝಾಡಿಸಿದರು.

ಝಾಲರಿಗೆ ಮೂರು ಮೀಟರ್ ಅಂದಾಜು ಮಾಡಿದ್ದೆ,
ಹದಿನಾಲ್ಕು ನುಂಗಿತು.
ಕೊಡೂ ಮೊದಲ ಬಳಪದಲೆ ಎರಡು ಗೆರಿ ಎಳದು ನೋಡಿದೆ,
ನಡುವ ಜೋಡಿಲೆ ಹೊಂಟವು,
ಅಂಚಿಗೆ ಮುಟ್ಟೂದ್ರಾಗ
ಒಂದರ ಮಡಿಕಿ ಒಂದಕ್ಕ ಕಾಣವಲ್ದು.

ಮರುದಿನ ಖಾಕಿ ಪ್ಯಾಂಟಿನ ಹುಡುಗ ಬಂದಾ,
ರೋಣದ ಕಡೆಯಾಂವ, ಬೆಳಕಿಗೆ ಹಿಡದು ನೋಡಿದಾ.
ಎಷ್ಟು ತಿಕ್ಕಿದ್ರೂ ಹೋಗದ ತೆಳು ಕಂದು ಕಲೆ.
“ಇದೇನ್ರಿ ಕಾಕಾ?”

ತಿರುವಿನಾಗ ಬಿದ್ದದ್ದಪಾ, ಅಂದೆ.
ಹತ್ತು ರೂಪಾಯಿ ಕಡಿಮಿ ತಗೊಂಡೆ.