ಹಗುರ

ಉದ್ಯಮಬಾಗದ ಎರಕದ ಕಾರ್ಖಾನಿಯಾಗ ಮೂವತ್ನಾಕು ವರ್ಷ
ಉಸುಕಿನೊಳಗ ಕೈ ಇಟ್ಟವರು ಇವರು.
ಮೋನಪ್ಪ ಮೇಸ್ತ್ರಿ ಬಂದ್ರು ಅಂದ್ರ ಸಾಕು,
ಹುಡುಗರು ಬೀಡಿ ಬೆನ್ನಿಗೆ ಮುಚ್ಚತಿದ್ರು.
ಪಿ.ಎಫ್. ಕೈಗೆ ಬಂದ ವರ್ಷ
ಖಡೇಬಜಾರದ ಟೂರಿನವರಿಗೆ ರೊಕ್ಕ ಕಟ್ಟಿ ಬಂದು
ಚಪ್ಪಲಿ ಬಿಡಕೋತ "ಲಾವೋಸ್" ಅಂದ್ರು.
ಎಲ್ಲಿ ಐತಿ ಅದು ಅಂತ ನಾನು ಕೇಳಲಿಲ್ಲ.
ಪಾಸ್‌ಪೋರ್ಟಿನ ಫೋಟೋಕ್ಕ ಕುಂಕುಮ ಸಣ್ಣದು ಮಾಡಿಕೊಂಡೆ.

ಉಳಿದ ಹತ್ತು ಮಂದಿ ಜಲಪಾತ ನೋಡಾಕ ಹೋದ್ರು.
ನಾವಿಬ್ಬರು ಒಂದು ವ್ಯಾನು ಹಿಡಿದು ಮಣ್ಣಿನ ಹಾದಿಗುಂಟ.
ಖಾನಾಪುರದ ಕಡಿ ಮಣ್ಣಿನಂಗ ಕೆಂಪು,
ಆದರ ಅಲ್ಲಲ್ಲಿ ದುಂಡಗ ಕುಣಿ, ಕುಣಿಯೊಳಗ ನೀರು,
ನೀರಿನ ಮ್ಯಾಲ ಬಾತುಕೋಳಿ.
"ಭಾಳ ಬಾವಿ ತೋಡ್ಯಾರ ನೋಡ್ರಿ ಈ ಮಂದಿ" ಅಂದೆ.
ಡ್ರೈವರ್‌ಗೆ ಏನು ತಿಳೀತೋ,
ಸ್ಟೇರಿಂಗಿನ ಮ್ಯಾಲಿನ ಕೈ ತಗದು
ಮುಗಲಿಂದ ನೆಲಕ್ಕ ಇಳಿಸಿದ.
ಆಮ್ಯಾಲ ಎಣಿಸೋದು ಬಿಟ್ಟೆ.

ಹಾದಿ ದಂಡಿಗೆ ಕೆಂಪು ಹಲಗಿ, ಹಲಗಿ ಮ್ಯಾಲ ತಲಿಬುರುಡಿ.
ಒಂದಕ್ಕ ಇಳಿಯಾಕೂ ಅಂಜಿಕಿ.
ಸಂಜಿ ಮಟಾ ತಡಕೊಂಡೆ.

ಊರಾಗ ಖಾಮ್‌ಲಾ ಅಂತ ಒಬ್ಬಾಕಿ,
ಚಪ್ಪರದ ಕೆಳಗ ಮಣ್ಣಿನ ಒಲಿ.
ಕರಗಿದ್ದನ್ನ ಸೌಟಿನಿಂದ ಎತ್ತಿ ಅಚ್ಚಿಗೆ ಹೊಯ್ದು,
ಒಂದು ಉಸರು ಬಿಡೂದರಾಗ ಬಿಚ್ಚಿದ್ರ
ಚಮಚ.
ಇವರು ಕುಕ್ಕರಗಾಲಲೆ ಕುಂತು ಬಿಟ್ರು.
ಭಾಷಾ ಇಲ್ಲ. ಒಂದು ಬಟ್ಟು ಎತ್ತಿದ್ರು: ತಡಿ.
ಮ್ಯಾಲಿನ ಕಿಟ್ಟ ತೋರಿಸಿದ್ರು.
ಆಕಿ ನಕ್ಕು, ಕಿಟ್ಟ ತಗದು, ಸೌಟು ಇವರ ಕೈಗೇ ಕೊಟ್ಟಳು.
ಕಬ್ಬಿಣ ಹೊಯ್ದ ಕೈಗೆ ಅದು ಏನೂ ಅಲ್ಲ,
ಆದರೂ ಆ ಕೈ ನಡಗಿದ್ದು ನಾ ಮೊದಲ ಸಲ ಕಂಡೆ.

ಮೂಲ್ಯಾಗ ಬಿದ್ದಿತ್ತು ಕರಗಬೇಕಾದ ರಾಶಿ.
ಮೀನಿನ ಬಾಲದಂಥ ರೆಕ್ಕಿ, ಒಡದ ಕೊಳವಿ.
ಒಂದು ತುಂಡು ಎತ್ತಿಕೊಂಡು ಇವರು
ಹೆಬ್ಬಟ್ಟಲೆ ಅಂಚು ಸವರಿದ್ರು,
ಉಬ್ಬಿದ ನಂಬರು ಹುಡಿಕಿದ್ರು.
ಇವರ ಎರಕ ಅಲ್ಲ ಅದು, ಅಷ್ಟು ನನಗೂ ಗೊತ್ತು.
ಅದು ಬಿದ್ದ ಕಾಲಕ್ಕ ಇವರು
ಹಲಗಿ ಹಿಡಿದು ಮಗ್ಗಿ ಹೇಳತಿದ್ರು.

ಆದರ ತೊಂಬತ್ತೊಂಬತ್ತರ ಬ್ಯಾಸಗಿಯೊಳಗ ಒಂದು ಆರ್ಡರ್ ಬಂದಿತ್ತು.
ಡ್ರಾಯಿಂಗಿನ ಮ್ಯಾಲ ನಂಬರ್ ಇತ್ತು, ಹೆಸರು ಇರಲಿಲ್ಲ.
ಎರಡು ಪಾಳಿ, ಡಬಲ್ ಓವರ್‌ಟೈಮು.
ಅದರ ರೊಕ್ಕದಾಗ ನಮ್ಮ ಮನಿಗೆ ಸ್ಲ್ಯಾಬ್ ಬಿತ್ತು.
"ಪಂಪಿನ ಭಾಗ ಇರಬೇಕು" ಅಂದಿದ್ರು ಇವರು, ಊಟದ ನಡುವ.
ಪಂಪಿಗೆ ಅಷ್ಟು ಗುಟ್ಟು ಯಾಕ ಅಂತ ಆಗೂ ಕೇಳಲಿಲ್ಲ.
ಸ್ಲ್ಯಾಬಿಗೆ ನೀರು ಹಾಕಿದೆ, ಮುಂಜಾನಿ ಸಂಜಿಕ,
ಇಪ್ಪತ್ತೊಂದು ದಿನ.

ಮೂರು ಚಮಚ ತಂದ್ವಿ.
ಮೂರನೇ ಗೇಟಿನಾಗ ರೈಲಿಗೆ ಆಟೋ ನಿಂತಾಗ
ಇವರ ಕಿಸೆಯೊಳಗ ಅವು ಕಿಣಿಕಿಣಿ ಅಂದ್ವು.
ದೇವರ ಜಗಲಿಗೆ ಇಡಾಕ ಮನಸ್ಸು ಒಪ್ಪಲಿಲ್ಲ,
ಅಡಗಿ ಮನಿಗೂ ಒಪ್ಪಲಿಲ್ಲ.
ಟಿವಿ ಮ್ಯಾಲ ಕುಂತ್ವು ಎಂಟು ದಿನ.
ಬಾಜೂಮನಿ ಮಾಲನಬಾಯಿ ಎತ್ತಿ ನೋಡಿ
"ಅಯ್ಯ, ಎಷ್ಟು ಹಗುರ ಅವ!" ಅಂದ್ಳು.
ಮಜ್ಜಿಗಿ ಕುಡದು ಹೋದ್ಳು.

ಕ್ಯಾಂಪಿನ ಕಡಿಂದ ಮುಂಜಾನೆ ಗುಂಡಿನ ಸಪ್ಪಳ
ಮೊದಲಿಂದನೂ ಬರತೈತಿ.
"ಹುಡುಗರು ಕಲಿಯಾಕ ಹತ್ಯಾರ" ಅಂತ
ಮಗ್ಗಲಾ ಬದಲಿಸಿ ಮಲಗತಿದ್ರು ಇವರು.
ಈಗ ಎದ್ದು ಕೂಡತಾರ.

ಇವತ್ತು ನಾನು ಶೇಂಗಾ ಚಟ್ನಿ ಡಬ್ಬಿಯೊಳಗ ಒಂದು ಚಮಚ ಇಟ್ಟೆ.
ಇವರು ಅದನ್ನ ತಗದು, ತೊಳದು, ಬೆಳಕಿಗೆ ಹಿಡಿದು
"ಅಂಚು ಉಳದೈತಿ. ತುಟಿ ಕೊಯ್ಯತೈತಿ" ಅಂದ್ರು.
ಪೇಪರ್ ಹಾಸಿ, ಹಳೇ ಅರ ಹುಡುಕಿ,
ಹೊಸ್ತಿಲದ ಮ್ಯಾಲ ಕುಂತು ತಿಕ್ಕಾಕ ಹತ್ತಿದ್ರು.
ಬೆಳ್ಳನ ಪುಡಿ ಮಳಿ ಸುದ್ದಿಯ ಮ್ಯಾಲ ಬಿತ್ತು.

ಈ ಸಲ ಕೇಳಿದೆ:
"ಆ ಪಂಪು ಎಲ್ಲಿ ಹೋತ್ರಿ?"

ಅರ ನಿಲ್ಲಲಿಲ್ಲ.
ಚಮಚದ ಆ ಮಗ್ಗಲಾ ಮುಗಿಸಿ
ಈ ಮಗ್ಗಲಾ ತಿರುವಿದ್ರು.